ಇರಾಕಿನಲ್ಲಿ ಇರಾನ್: ಒಂದೇ ಜೇಬಿನ ದುಡ್ಡು, ಎದುರುಬದುರು ಬಂದೂಕು

2025ರ ಡಿಸೆಂಬರ್‌ನಲ್ಲಿ ಬಾಗ್ದಾದ್‌ನಿಂದ ಬಂದ ಸುದ್ದಿ ಹಲವರಿಗೆ ಗೊಂದಲ ಹುಟ್ಟಿಸಿತು. ಇರಾನ್ ಬೆಂಬಲದ ಕೆಲವು ಸಶಸ್ತ್ರ ಗುಂಪುಗಳು ‘ಆಯುಧ ಸರ್ಕಾರದ ಕೈಯಲ್ಲೇ ಇರಲಿ’ ಎಂಬ ಮಾತಿಗೆ ತಲೆಯಾಡಿಸಿದವು. ಅಮೆರಿಕ ಬಹಳ ದಿನಗಳಿಂದ ಕೇಳುತ್ತಿದ್ದದ್ದೂ ಅದನ್ನೇ. ಅಸಾಯಿಬ್ ಅಹ್ಲ್ ಅಲ್-ಹಕ್ ಎಂಬ ದೊಡ್ಡ ಗುಂಪು ಒಪ್ಪಿದವರ ಸಾಲಿನಲ್ಲಿತ್ತು. ಕತಾಯಿಬ್ ಹಿಜ್ಬುಲ್ಲಾ ಎಂಬ ಇನ್ನೊಂದು ಗುಂಪು ಮಾತ್ರ ಆಗೋದಿಲ್ಲ ಎಂದಿತು. ವಿದೇಶಿ ಸೇನೆ ಇರಾಕ್ ಬಿಟ್ಟು ಹೊರಡುವ ತನಕ ಆ ಚರ್ಚೆಯೇ ಬೇಡ ಎಂಬುದು ಅದರ ನಿಲುವು.

ಎರಡೂ ಇರಾನಿನ ದುಡ್ಡು, ತರಬೇತಿ, ಆಯುಧ ಪಡೆದು ಬೆಳೆದ ಗುಂಪುಗಳು. ಹಾಗಾದರೆ ಟೆಹ್ರಾನ್ ಯಾರ ಕಡೆ? ಇಬ್ಬರ ಕಡೆಯೂ. ಇದನ್ನು ಕೇಳಿದರೆ ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಆದರೆ ಇರಾಕಿನ ನಲವತ್ತು ವರ್ಷಗಳ ಇತಿಹಾಸ ನೋಡಿದರೆ ಇದೇ ರೂಢಿ. ಅಲ್ಲಿ ಇರಾನ್ ಯಾವತ್ತೂ ಒಂದೇ ಗುಂಪನ್ನು ನೆಚ್ಚಿಕೊಂಡದ್ದಿಲ್ಲ. ಒಬ್ಬರಿಗೊಬ್ಬರು ಆಗದವರನ್ನು ಒಟ್ಟಿಗೆ ಸಾಕಿದೆ. ಅವರು ಬೀದಿಯಲ್ಲಿ ಗುಂಡು ಹಾರಿಸಿಕೊಂಡಾಗ ಮಧ್ಯಸ್ಥಿಕೆಗೂ ತಾನೇ ಕೂತಿದೆ.

ನಮ್ಮ ಟೀವಿ ಚಾನೆಲ್‌ಗಳಲ್ಲಿ ಈ ವಿಷಯ ಬಂದಾಗಲೆಲ್ಲ ಒಂದು ನಕ್ಷೆ ಕಾಣುತ್ತದೆ. ಟೆಹ್ರಾನ್‌ನಿಂದ ಲೆಬನಾನ್, ಗಾಜಾ, ಯೆಮನ್, ಇರಾಕ್ ಕಡೆಗೆ ಕೆಂಪು ಬಾಣಗಳು. ನೋಡಿದವರಿಗೆ ಒಬ್ಬ ದಂಡನಾಯಕ, ನಾಲ್ಕು ದಂಡು ಇದ್ದಂತೆ ಕಾಣುತ್ತದೆ. 2025ರ ಜೂನ್ 13ರಂದು ಇಸ್ರೇಲ್ ಇರಾನಿನ ಮೇಲೆ ದಾಳಿ ಶುರು ಮಾಡಿತು. ಯುದ್ಧ ಹನ್ನೆರಡು ದಿನ ನಡೆಯಿತು. ಲೆಬನಾನಿನ ಹಿಜ್ಬುಲ್ಲಾ ಕದಲಲಿಲ್ಲ. ಇರಾಕಿನ ಗುಂಪುಗಳಿಂದ ಹೇಳಿಕೆಗಳು ಬಂದವು, ದೊಡ್ಡ ದಾಳಿ ಬರಲಿಲ್ಲ. ದಂಡುಗಳೆಲ್ಲ ಎಲ್ಲಿ ಹೋದವು ಎಂದು ಜನ ಕೇಳಿದರು. ಇವು ದಂಡುಗಳಾಗಿ ಹುಟ್ಟಿದ್ದೇ ಅಲ್ಲ. ಹೇಗೆ ಹುಟ್ಟಿದವು ಎಂದು ತಿಳಿಯಲು ಇರಾಕ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಎಂಟು ವರ್ಷದ ಗಾಯ

1980ರ ಸೆಪ್ಟೆಂಬರ್ 22ರಂದು ಇರಾಕಿನ ಅಧ್ಯಕ್ಷ ಸದ್ದಾಂ ಹುಸೇನ್ ಇರಾನಿನ ಮೇಲೆ ದಂಡೆತ್ತಿ ಹೋದ. ಇರಾನಿನಲ್ಲಿ ಕ್ರಾಂತಿಯಾಗಿ ಆಗ ಎರಡು ವರ್ಷವೂ ತುಂಬಿರಲಿಲ್ಲ. ಸೇನೆ ಚದುರಿತ್ತು. ಅಮೆರಿಕದ ಜೊತೆ ಸಂಬಂಧ ಕಡಿದಿತ್ತು. ಕೊಲ್ಲಿಯ ಶ್ರೀಮಂತ ಅರಬ್ ದೇಶಗಳು ಸದ್ದಾಂಗೆ ದುಡ್ಡು ಕೊಟ್ಟವು. ಯುದ್ಧ ನಿಂತದ್ದು 1988ರ ಆಗಸ್ಟ್‌ನಲ್ಲಿ. ಲಕ್ಷಗಟ್ಟಲೆ ಜನ ಸತ್ತರು. ಗಡಿಯ ಸರ್ದಶ್ತ್ ಎಂಬ ಇರಾನಿ ಊರಿನ ಮೇಲೆ 1987ರಲ್ಲಿ ವಿಷಾನಿಲದ ಬಾಂಬು ಬಿತ್ತು. ಜಗತ್ತು ಹೆಚ್ಚು ಮಾತಾಡಲಿಲ್ಲ. ಕದನವಿರಾಮ ಒಪ್ಪುವುದು ವಿಷ ಕುಡಿದಂತೆ ಎಂದು ಇರಾನಿನ ಕ್ರಾಂತಿಯ ನಾಯಕ ಅಯತೊಲ್ಲಾ ಖೊಮೇನಿ ಹೇಳಿದ್ದು ಆಗಲೇ.

ಇಂದಿಗೂ ಇರಾನಿನ ಸೇನಾ ನೀತಿಯ ಬುಡದಲ್ಲಿ ಇರುವುದು ಈ ಯುದ್ಧದ ನೆನಪು. ಅದರಿಂದ ಅಲ್ಲಿನ ನಾಯಕರು ಎರಡು ವಿಷಯ ಕಲಿತರು. ಒಂದು, ಕಷ್ಟಕಾಲಕ್ಕೆ ಯಾವ ದೇಶವೂ ನಮ್ಮ ಜೊತೆ ನಿಲ್ಲುವುದಿಲ್ಲ. ಇನ್ನೊಂದು, ಬಾಗ್ದಾದ್‌ನಲ್ಲಿ ಮತ್ತೊಮ್ಮೆ ಬಲವಾದ ವೈರಿ ಸರ್ಕಾರ ಬರಬಾರದು. ಗಡಿ ಸುಮಾರು 1,500 ಕಿಲೋಮೀಟರ್ ಇದೆ. ಅಷ್ಟುದ್ದಕ್ಕೂ ಸೇನೆ ನಿಲ್ಲಿಸಿ ಕಾಯುವುದು ದುಬಾರಿ. ಗಡಿಯಾಚೆ ನಮ್ಮವರು ಇದ್ದರೆ ಅಗ್ಗ.

ಅಗ್ಗ ಎಂಬುದು ಇಲ್ಲಿ ಮುಖ್ಯ. ನಿರ್ಬಂಧಗಳ ಕಾರಣ ಇರಾನಿಗೆ ಹೊಸ ಯುದ್ಧವಿಮಾನ ಸಿಗುವುದು ಕಷ್ಟ. 2023ರಲ್ಲಿ ಸೌದಿ ಅರೇಬಿಯಾದ ಸೇನಾ ಖರ್ಚು ಸುಮಾರು 75 ಬಿಲಿಯನ್ ಡಾಲರ್ ಎಂಬ ಅಂದಾಜಿದೆ. ಇರಾನಿನದ್ದು ಸುಮಾರು 10 ಬಿಲಿಯನ್. ವಿಮಾನಕ್ಕೆ ವಿಮಾನ, ಟ್ಯಾಂಕಿಗೆ ಟ್ಯಾಂಕು ಎಂದು ಹೋದರೆ ಇರಾನ್ ಸೋಲುವುದು ಖಚಿತ. ಹಾಗಾಗಿ ಅದು ಕ್ಷಿಪಣಿ, ಡ್ರೋನು ಮತ್ತು ಹೊರದೇಶದ ಗುಂಪುಗಳ ಕಡೆ ತಿರುಗಿತು.

ಟೆಹ್ರಾನ್‌ನಲ್ಲಿ ಕಟ್ಟಿದ ಇರಾಕಿ ಪಡೆ

1982ರಲ್ಲಿ ಟೆಹ್ರಾನ್‌ನಲ್ಲಿ ಇರಾಕಿನ ಶಿಯಾ ನಾಯಕರ ಒಂದು ಮಂಡಳಿ ಹುಟ್ಟಿತು. ಸದ್ದಾಂಗೆ ಹೆದರಿ ಓಡಿಬಂದವರು ಇವರು. ನಾಯಕ ಮೊಹಮ್ಮದ್ ಬಾಕಿರ್ ಅಲ್-ಹಕೀಂ. ಕ್ರಾಂತಿಯನ್ನು ಕಾಯಲೆಂದೇ ಇರಾನ್ ಕಟ್ಟಿದ ರೆವಲ್ಯೂಷನರಿ ಗಾರ್ಡ್ಸ್ ಪಡೆ ಈ ಮಂಡಳಿಗೆ ಬದ್ರ್ ಎಂಬ ಸೇನೆ ಕಟ್ಟಿಕೊಟ್ಟಿತು. ದೇಶ ಬಿಟ್ಟು ಬಂದವರು, ಯುದ್ಧದಲ್ಲಿ ಸೆರೆಸಿಕ್ಕ ಇರಾಕಿ ಸೈನಿಕರು ಇದರಲ್ಲಿ ಸೇರಿದರು. ಅಂದರೆ ಇರಾಕಿನವರೇ ಇರಾನಿನ ಪರ ನಿಂತು ಇರಾಕಿನ ಸೇನೆಯ ವಿರುದ್ಧ ಹೋರಾಡಿದರು. ಇದನ್ನು ಇರಾಕಿನ ಎಷ್ಟೋ ಜನ, ಶಿಯಾಗಳೂ ಸೇರಿದಂತೆ, ಇಂದಿಗೂ ಕ್ಷಮಿಸಿಲ್ಲ.

ಆದರೆ ಆಗಲೇ ಇರಾನ್ ಬದ್ರ್ ಒಂದನ್ನೇ ನಂಬಿ ಕೂರಲಿಲ್ಲ. ಉತ್ತರ ಇರಾಕಿನ ಕುರ್ದ್ ಜನರಲ್ಲಿ ಎರಡು ದೊಡ್ಡ ಪಕ್ಷಗಳು. ಒಂದು ಬರ್ಜಾನಿ ಮನೆತನದ್ದು, ಇನ್ನೊಂದು ಜಲಾಲ್ ತಲಬಾನಿಯದ್ದು. ಇಬ್ಬರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. 1980ರ ದಶಕದ ಕೊನೆಗೆ ಇರಾನ್ ಇಬ್ಬರಿಗೂ ನೆರವು ಕೊಡುತ್ತಿತ್ತು. 1994ರಲ್ಲಿ ಅವರಿಬ್ಬರ ನಡುವೆ ಅಂತರ್ಯುದ್ಧವೇ ಆಯಿತು. ಇರಾನ್ ತಲಬಾನಿ ಕಡೆ ವಾಲಿತು. ಬರ್ಜಾನಿ 1996ರ ಆಗಸ್ಟ್‌ನಲ್ಲಿ ಸಾಕ್ಷಾತ್ ಸದ್ದಾಂನ ಸೇನೆಯನ್ನೇ ಎರ್ಬಿಲ್ ನಗರಕ್ಕೆ ಕರೆಸಿಕೊಂಡ! ಸದ್ದಾಂ ಸಾವಿರಾರು ಕುರ್ದರನ್ನು ಕೊಲ್ಲಿಸಿ ಹತ್ತು ವರ್ಷವೂ ಆಗಿರಲಿಲ್ಲ. ಹೊರಗಿನ ನೆರವು ತಂದು ಮನೆಯೊಳಗಿನ ಎದುರಾಳಿಯನ್ನು ಮಣಿಸುವ ಚಾಳಿ ಇರಾಕಿನಲ್ಲಿ ಎಷ್ಟು ಹಳೆಯದು ಎಂದು ಇದರಿಂದ ತಿಳಿಯುತ್ತದೆ. ಇರಾನ್ ಮಾಡಿದ್ದು ಆ ಚಾಳಿಯನ್ನು ತನಗೆ ಬೇಕಾದಂತೆ ಬಳಸಿಕೊಂಡದ್ದು.

ಸದ್ದಾಂ ಹೋದ, ಜಗಳ ಶುರುವಾಯಿತು

2003ರಲ್ಲಿ ಅಮೆರಿಕ ಸದ್ದಾಂನನ್ನು ಕಿತ್ತುಹಾಕಿತು. ಇರಾನಿಗೆ ಖುಷಿಯೂ ಆಯಿತು, ಭಯವೂ ಆಯಿತು. ಹಳೆಯ ವೈರಿ ಹೋದ. ಆದರೆ ಅವನ ಜಾಗದಲ್ಲಿ ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಗಡಿ ಪಕ್ಕದಲ್ಲೇ ಬಂದು ಕೂತರು. ಇರಾಕ್ ಆದ ಮೇಲೆ ಮುಂದಿನ ಸರದಿ ನಮ್ಮದು ಎಂದು ಟೆಹ್ರಾನ್‌ಗೆ ಅನ್ನಿಸಿದ್ದು ಸುಮ್ನೆ ಅಲ್ಲ.

ಈಗ ಇರಾನಿಗೆ ಒಂದೇ ಸಲಕ್ಕೆ ಎರಡು ಕೆಲಸ ಆಗಬೇಕಿತ್ತು. ಬಾಗ್ದಾದ್‌ನಲ್ಲಿ ತನಗೆ ಬೇಕಾದ ಶಿಯಾ ಸರ್ಕಾರ ಗಟ್ಟಿಯಾಗಬೇಕು. ಅದಕ್ಕೆ ಶಾಂತಿ ಬೇಕು. ಅಮೆರಿಕನ್ನರು ನೆಲೆಯೂರದೆ ವಾಪಸು ಹೋಗಬೇಕು. ಅದಕ್ಕೆ ಅಶಾಂತಿ ಬೇಕು. ಒಂದೇ ಗುಂಪಿನಿಂದ ಇವೆರಡನ್ನೂ ಮಾಡಿಸಲು ಆಗುವುದಿಲ್ಲ. ಮುಂದಿನ ಕತೆಯೆಲ್ಲ ಈ ಇಕ್ಕಟ್ಟಿನಿಂದ ಬಂದದ್ದು.

ಮೊದಲನೆಯ ಕೆಲಸಕ್ಕೆ ಹಕೀಂ ಮನೆತನ ಮತ್ತು ಬದ್ರ್ ಇದ್ದರು. ಅವರು ಅಮೆರಿಕದ ಜೊತೆ ಕೈಕುಲುಕಿದರು, ಚುನಾವಣೆಗೆ ನಿಂತರು, ಗೃಹ ಇಲಾಖೆಗೆ ಕಾಲಿಟ್ಟರು. ಬದ್ರ್ ಸೈನಿಕರು ಸಾಲುಸಾಲಾಗಿ ಪೊಲೀಸ್ ಸಮವಸ್ತ್ರ ಹಾಕಿಕೊಂಡರು.

ಎರಡನೆಯ ಕೆಲಸಕ್ಕೆ ಸಿಕ್ಕವನು ಮುಕ್ತದಾ ಅಲ್-ಸದ್ರ್. ಇವನ ತಂದೆ ದೊಡ್ಡ ಧರ್ಮಗುರು. 1999ರಲ್ಲಿ ಕೊಲೆಯಾದರು. ಸದ್ರ್ ಕುಟುಂಬ ಇರಾಕ್ ಬಿಟ್ಟು ಹೋಗಿರಲಿಲ್ಲ. ಬಾಗ್ದಾದ್‌ನ ಬಡ ಶಿಯಾ ಬಡಾವಣೆಗಳಲ್ಲಿ ಅವನ ಮಾತೇ ಕಾನೂನು. ‘ನಾವು ಸದ್ದಾಂನ ಏಟು ತಿನ್ನುವಾಗ ಹಕೀಂ ಕಡೆಯವರು ಟೆಹ್ರಾನ್‌ನಲ್ಲಿ ಆರಾಮಾಗಿದ್ದರು’ ಎಂಬುದು ಸದ್ರ್ ಬೆಂಬಲಿಗರ ಸಿಟ್ಟು. ಇವನು ಇರಾನಿನ ಕೈಗೊಂಬೆಯಲ್ಲ. ಇರಾನ್ ವಿರುದ್ಧ ಘೋಷಣೆ ಕೂಗಿಸಿದ್ದೂ ಇದೆ. ಆದರೆ 2004ರಲ್ಲಿ ಅಮೆರಿಕನ್ನರ ಎದುರು ನಜಫ್‌ನಲ್ಲಿ ಬಂದೂಕು ಹಿಡಿದು ನಿಂತ ಶಿಯಾ ನಾಯಕ ಇವನೊಬ್ಬನೇ. ಇರಾನಿಗೆ ಅಷ್ಟು ಸಾಕಿತ್ತು. ಅವನ ಮಹ್ದಿ ಸೇನೆಯೊಳಗಿನ ಚುರುಕಾದ ತುಕಡಿಗಳನ್ನು ರೆವಲ್ಯೂಷನರಿ ಗಾರ್ಡ್ಸ್‌ನಲ್ಲಿ ಹೊರದೇಶದ ಕೆಲಸ ನೋಡುವ ಕುದ್ಸ್ ಪಡೆ ಬೇರೆಯಾಗಿ ತರಬೇತಿಗೆ ಕರೆದೊಯ್ಯಿತು. ಕವಚದ ವಾಹನವನ್ನೂ ತೂತು ಮಾಡುವ ರಸ್ತೆಬದಿ ಬಾಂಬುಗಳು ಅವರ ಕೈಗೆ ಬಂದವು. 2003ರಿಂದ 2011ರವರೆಗೆ ಇರಾನ್ ಬೆಂಬಲದ ಗುಂಪುಗಳಿಂದ ತನ್ನ ಕನಿಷ್ಠ 603 ಸೈನಿಕರು ಸತ್ತರು ಎಂಬುದು ಅಮೆರಿಕದ ಲೆಕ್ಕ.

ಈ ತುಕಡಿಗಳಲ್ಲಿ ಒಂದು ಸದ್ರ್‌ನಿಂದ ಒಡೆದು ಬಂದು ಅಸಾಯಿಬ್ ಅಹ್ಲ್ ಅಲ್-ಹಕ್ ಆಯಿತು. ಅದರ ನಾಯಕ ಕಾಯಿಸ್ ಅಲ್-ಖಜಾಲಿ ಒಂದು ಕಾಲಕ್ಕೆ ಸದ್ರ್‌ನ ಆಪ್ತ. ಇವತ್ತು ಇಬ್ಬರೂ ಕಡುವೈರಿಗಳು. 2013ರಲ್ಲಿ ಅಸಾಯಿಬ್‌ನಿಂದಲೂ ಒಂದು ಗುಂಪು ಹೊರಬಂದು ನುಜಬಾ ಎಂಬ ಹೆಸರಿಟ್ಟುಕೊಂಡಿತು. ಅದಕ್ಕೂ ಇರಾನಿನ ನೆರವು ಸಿಕ್ಕಿತು. ಗುಂಪಿನ ಎರಡನೆಯ ಸಾಲಿನವನಿಗೆ ಟೆಹ್ರಾನ್‌ಗೆ ನೇರ ದಾರಿ ಇದ್ದರೆ, ಅವನು ತನ್ನ ನಾಯಕನ ಮಾತು ಯಾಕೆ ಕೇಳುತ್ತಾನೆ? ಇರಾಕಿನ ಗುಂಪುಗಳು ಪದೇ ಪದೇ ಒಡೆಯುವುದಕ್ಕೆ ಇದೂ ಒಂದು ಕಾರಣ.

ಬಸ್ರಾ, 2008

ಈ ನೀತಿಯ ಪೂರ್ತಿ ಚಿತ್ರ ಒಂದೇ ಕಡೆ ಕಾಣಬೇಕೆಂದರೆ ಬಸ್ರಾ ನೋಡಬೇಕು.

ಅದಕ್ಕೆ ಮುನ್ನ 2007ರ ಆಗಸ್ಟ್‌ನಲ್ಲೇ ದಕ್ಷಿಣ ಇರಾಕ್ ಹೊಗೆಯಾಡುತ್ತಿತ್ತು. ಕಾದಿಸಿಯಾ, ಮುತನ್ನಾ ಪ್ರಾಂತ್ಯಗಳ ಗವರ್ನರ್‌ಗಳು ಒಂದೇ ತಿಂಗಳಲ್ಲಿ ರಸ್ತೆಬದಿ ಬಾಂಬಿಗೆ ಬಲಿಯಾದರು. ಇಬ್ಬರೂ ಹಕೀಂ ಬಣದವರು. ಅನುಮಾನ ಸದ್ರ್ ಕಡೆಯವರ ಮೇಲೆ ಬಿತ್ತು. ಅದೇ ತಿಂಗಳ ಕೊನೆಗೆ ಕರ್ಬಲಾದಲ್ಲಿ ಯಾತ್ರಿಕರ ಜಾತ್ರೆ ನಡೆದಿತ್ತು. ಅಲ್ಲೇ ಎರಡೂ ಕಡೆಯವರು ಗುಂಡಿನ ಕಾಳಗಕ್ಕಿಳಿದರು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಯಾತ್ರಾಸ್ಥಳದಲ್ಲಿ ರಕ್ತ ಹರಿದದ್ದಕ್ಕೆ ಸದ್ರ್‌ಗೆ ಕೆಟ್ಟ ಹೆಸರು ಬಂತು. ಮರುದಿನವೇ ಅವನು ಮಹ್ದಿ ಸೇನೆಯ ಚಟುವಟಿಕೆಯನ್ನು ಆರು ತಿಂಗಳು ನಿಲ್ಲಿಸಿದ.

2008ರ ಮಾರ್ಚ್ 25ರಂದು ಪ್ರಧಾನಿ ನೂರಿ ಅಲ್-ಮಾಲಿಕಿ ತಾವೇ ಬಸ್ರಾಗೆ ಹೋಗಿ ಕೂತು ಮಹ್ದಿ ಸೇನೆಯ ಮೇಲೆ ಕಾರ್ಯಾಚರಣೆ ಶುರು ಮಾಡಿಸಿದರು. ಬಸ್ರಾ ಎಂದರೆ ಇರಾಕಿನ ಬಂದರು, ತೈಲದ ಬಾಗಿಲು. ಅದು ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿ ದುಡ್ಡು. ಸರ್ಕಾರದ ಸೇನೆಯಲ್ಲಿ ಬದ್ರ್‌ನಿಂದ ಬಂದವರು ಬಹಳ ಇದ್ದರು. ಎದುರಿಗಿದ್ದ ಮಹ್ದಿ ಸೇನೆಯ ಕೈಯಲ್ಲಿ ಇರಾನಿನಿಂದ ಬಂದ ರಾಕೆಟ್ಟು, ಮೋರ್ಟಾರು. ಬಾಗ್ದಾದ್‌ನ ಸರ್ಕಾರಿ ಪ್ರದೇಶದ ಮೇಲೂ ರಾಕೆಟ್ ಬಿದ್ದವು. ಸುಮಾರು 1,300 ಸೈನಿಕರು, ಪೊಲೀಸರು ಹೋರಾಡಲು ಒಪ್ಪದೆಯೋ ಕಣ ಬಿಟ್ಟು ಓಡಿಯೋ ಆಮೇಲೆ ಕೆಲಸ ಕಳೆದುಕೊಂಡರು.

ಹೋರಾಟ ನಿಂತದ್ದು ಮಾರ್ಚ್ 30ಕ್ಕೆ. ಅದನ್ನು ನಿಲ್ಲಿಸಿದ್ದು ಬಾಗ್ದಾದ್ ಅಲ್ಲ, ವಾಷಿಂಗ್ಟನ್ ಅಂತೂ ಅಲ್ಲವೇ ಅಲ್ಲ. ಇರಾಕಿನ ಆಡಳಿತ ಪಕ್ಷಗಳ ನಾಯಕರು ಇರಾನಿನ ಖುಮ್ ನಗರಕ್ಕೆ ಹೋದರು. ಬದ್ರ್‌ನ ಮುಖ್ಯಸ್ಥ ಹಾದಿ ಅಲ್-ಅಮೀರಿ ಅವರಲ್ಲಿ ಒಬ್ಬರು. ಸದ್ರ್ ಆಗ ಇದ್ದದ್ದೂ ಅದೇ ಖುಮ್‌ನಲ್ಲಿ. ಮಾತುಕತೆ ನಡೆಸಿಕೊಟ್ಟವರು ಕುದ್ಸ್ ಪಡೆಯ ದಂಡನಾಯಕ ಖಾಸಿಂ ಸೊಲೇಮಾನಿ. ಸದ್ರ್ ತನ್ನವರಿಗೆ ಬೀದಿ ಬಿಡಿ ಎಂದು ಆದೇಶ ಕೊಟ್ಟ.

ಇದರ ಲಾಭ ಯಾರಿಗೆ ಹೋಯಿತು ನೋಡಿ. ಮಾಲಿಕಿ ಗಟ್ಟಿ ನಾಯಕ ಎನಿಸಿಕೊಂಡರು. ಸದ್ರ್ ಸೋತರೂ ಉಳಿದುಕೊಂಡ. ಇಬ್ಬರಿಗೂ ಈಗ ಇರಾನಿನ ಋಣ. ಸದ್ರ್ ತೀರಾ ಬೆಳೆಯಲಿಲ್ಲ, ಸರ್ಕಾರ ಅವನನ್ನು ಪೂರ್ತಿ ಮುಗಿಸಲೂ ಇಲ್ಲ. ಟೆಹ್ರಾನ್‌ನ ದೃಷ್ಟಿಯಲ್ಲಿ ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. 2010ರಲ್ಲಿ ಚುನಾವಣೆ ಮುಗಿದು ಯಾರಿಗೂ ಬಹುಮತ ಬರದೆ ತಿಂಗಳುಗಟ್ಟಲೆ ಎಳೆದಾಟ ನಡೆಯಿತು. ಕೊನೆಗೆ ಮಾಲಿಕಿಗೆ ಬೆಂಬಲ ಕೊಟ್ಟು ಎರಡನೇ ಅವಧಿಗೆ ದಾರಿ ಮಾಡಿಕೊಟ್ಟವನು ಅದೇ ಸದ್ರ್. ಎರಡು ವರ್ಷದ ಹಿಂದೆ ಅವನ ಹುಡುಗರನ್ನು ಕೊಲ್ಲಿಸಿದ ಮಾಲಿಕಿಗೆ! ಇದರ ಹಿಂದೆ ಇರಾನಿನ ಒತ್ತಡ ಇತ್ತು.

ಒಂದೇ ಗುಂಪು ಯಾಕೆ ಸಾಲದು?

ಒಂದೇ ಗುಂಪಿಗೆ ಎಲ್ಲ ದುಡ್ಡು, ಎಲ್ಲ ಆಯುಧ ಕೊಟ್ಟರೆ ಅದು ಬೇಗ ಗೆಲ್ಲಬಹುದು. ಸಮಸ್ಯೆ ಶುರುವಾಗುವುದು ಗೆದ್ದ ಮೇಲೆ. ಗೆದ್ದು ಅಧಿಕಾರಕ್ಕೆ ಬಂದವನಿಗೆ ತೆರಿಗೆ ಬರುತ್ತದೆ, ತೈಲದ ಹಣ ಬರುತ್ತದೆ, ಬೇರೆ ದೇಶಗಳು ಮನೆ ಬಾಗಿಲಿಗೆ ಬರುತ್ತವೆ. ಆಗ ಹಳೆಯ ಪೋಷಕನ ಹಂಗು ಬೇಕಾಗುವುದಿಲ್ಲ. ಪಾಕಿಸ್ತಾನ ಮತ್ತು ಅಫ್ಗಾನ್ ತಾಲಿಬಾನ್ ನಡುವೆ 2021ರ ನಂತರ ಆದದ್ದು ಇದೇ. ಸಾಕಿದವರ ಮೇಲೆ ಪಾಕಿಸ್ತಾನವೇ ವಿಮಾನ ದಾಳಿ ಮಾಡುವ ಸ್ಥಿತಿ ಬಂತು. ಇರಾಕಿನಲ್ಲಿ ಇರಾನ್ ಯಾರನ್ನೂ ಆ ಮಟ್ಟಕ್ಕೆ ಏರಲು ಬಿಟ್ಟಿಲ್ಲ. ಪಕ್ಕದಲ್ಲಿ ಎದುರಾಳಿ ಇದ್ದರೆ ಪ್ರತಿಯೊಬ್ಬನೂ ಟೆಹ್ರಾನ್ ಕಡೆ ನೋಡುತ್ತಲೇ ಇರುತ್ತಾನೆ. ನಾನು ಬೇಡ ಎಂದರೆ ಅವನು ಒಪ್ಪಿಕೊಳ್ಳುತ್ತಾನೆ ಎಂಬ ಹೆದರಿಕೆ ಸದಾ ಇರುತ್ತದೆ.

ನುಣುಚಿಕೊಳ್ಳುವ ಅನುಕೂಲ ಇನ್ನೊಂದು. 2024ರ ಜನವರಿ 28ರಂದು ಜೋರ್ಡಾನ್‌ನ ಟವರ್ 22 ಎಂಬ ಅಮೆರಿಕನ್ ನೆಲೆಗೆ ಡ್ರೋನ್ ಬಡಿದು ಮೂವರು ಸೈನಿಕರು ಸತ್ತರು. ಹೊಣೆ ಹೊತ್ತದ್ದು ‘ಇರಾಕಿನ ಇಸ್ಲಾಮಿಕ್ ಪ್ರತಿರೋಧ’ ಎಂಬ ಒಂದು ಸಾಮೂಹಿಕ ಹೆಸರು. ಅದರೊಳಗೆ ಯಾರ್ಯಾರಿದ್ದಾರೆ ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಇರಾನ್ ತನಗೆ ಗೊತ್ತಿಲ್ಲ ಎಂದಿತು. ಅಮೆರಿಕ ಕತಾಯಿಬ್ ಹಿಜ್ಬುಲ್ಲಾ ಕಡೆ ಬೆರಳು ತೋರಿಸಿತು. ಎರಡೇ ದಿನದಲ್ಲಿ ಆ ಗುಂಪು ದಾಳಿ ನಿಲ್ಲಿಸಿದ್ದೇವೆ ಎಂದು ಘೋಷಿಸಿತು. ಟೆಹ್ರಾನ್ ಹೇಳಿ ನಿಲ್ಲಿಸಿತು ಎಂದೇ ಹೆಚ್ಚಿನವರ ಅಂದಾಜು. ಆದರೆ ನುಜಬಾ ನಾವು ನಿಲ್ಲಿಸುವುದಿಲ್ಲ ಎಂದಿತು. ಒಬ್ಬ ನಿಲ್ಲಿಸಿ ಮಾತುಕತೆಗೆ ಜಾಗ ಮಾಡಿಕೊಟ್ಟ, ಇನ್ನೊಬ್ಬ ಬೆದರಿಕೆ ಉಳಿಸಿಕೊಂಡ. ಇದು ಹೇಳಿ ಮಾಡಿಸಿದ್ದೋ, ನಿಜವಾದ ಭಿನ್ನಮತವೋ? ಹೊರಗಿನವರಿಗೆ ತಿಳಿಯುವುದಿಲ್ಲ. ಹಾಗೆ ತಿಳಿಯದಿರುವುದೂ ಇರಾನಿಗೆ ಅನುಕೂಲವೇ.

ಇನ್ನು ಇರಾಕಿನ ರಾಜಕೀಯವೇ ಹಾಗಿದೆ. ಅಲ್ಲಿ ಯಾವ ಪಕ್ಷಕ್ಕೂ ಬಹುಮತ ಬರುವುದಿಲ್ಲ. ಪ್ರತಿ ಚುನಾವಣೆಯ ನಂತರ ಹತ್ತಾರು ಬಣ ಸೇರಿ ಸರ್ಕಾರ ಕಟ್ಟಬೇಕು. ಯಾರು ಗೆಲ್ಲುತ್ತಾರೋ ಗೊತ್ತಿಲ್ಲದ ಕಡೆ ಎಲ್ಲರ ಜೊತೆಯೂ ನಂಟು ಇಟ್ಟುಕೊಳ್ಳುವುದು ಜಾಣತನ.

ಧರ್ಮದ ಲೆಕ್ಕವೂ ಪೂರ್ತಿ ಹೊಂದುವುದಿಲ್ಲ

ಇದೆಲ್ಲ ಶಿಯಾ ನಂಟು ಎಂದು ಮುಗಿಸುವವರಿದ್ದಾರೆ. ಇರಾಕಿನ ಮಟ್ಟಿಗೆ ಅದು ಅರ್ಧ ನಿಜ. ಆದರೆ ಗಾಜಾದ ಹಮಾಸ್ ಸುನ್ನಿ ಗುಂಪು. ಅದರ ಎದುರಾಳಿಯಾದ ಪ್ಯಾಲೆಸ್ಟೈನ್ ಇಸ್ಲಾಮಿಕ್ ಜಿಹಾದ್ ಕೂಡ ಸುನ್ನಿ ಗುಂಪೇ. ಇರಾನ್ ಇಬ್ಬರಿಗೂ ದುಡ್ಡು ಕೊಟ್ಟಿದೆ. 2012ರಲ್ಲಿ ಹಮಾಸ್ ನಾಯಕರು ಸಿರಿಯಾದ ಅಧ್ಯಕ್ಷ ಅಸ್ಸಾದ್ ಪರ ನಿಲ್ಲಲು ಒಪ್ಪದೆ ಡಮಾಸ್ಕಸ್ ಬಿಟ್ಟರು. ಇರಾನ್ ಅವರ ಹಣಕ್ಕೆ ಕತ್ತರಿ ಹಾಕಿತು, ಇಸ್ಲಾಮಿಕ್ ಜಿಹಾದ್ ಕಡೆ ಹೆಚ್ಚು ಒಲವು ತೋರಿತು. ಮುಂದೆ ಯೆಮನ್ ಯುದ್ಧದಲ್ಲಿ ಇಸ್ಲಾಮಿಕ್ ಜಿಹಾದ್ ಬಾಯಿಬಿಟ್ಟು ಇರಾನಿನ ಪರ ಮಾತಾಡಲಿಲ್ಲ ಎಂದು ಅದಕ್ಕೂ ಬರೆ ಬಿತ್ತು. ಕೆಲ ವರ್ಷಗಳಲ್ಲಿ ಹಮಾಸ್ ಜೊತೆ ರಾಜಿಯಾಯಿತು.

ತಾಲಿಬಾನ್ ಕತೆ ಇನ್ನೂ ವಿಚಿತ್ರ. 1998ರಲ್ಲಿ ಅವರು ಮಜಾರ್-ಎ-ಶರೀಫ್ ಹಿಡಿದಾಗ ಅಲ್ಲಿದ್ದ ಇರಾನಿ ರಾಜತಾಂತ್ರಿಕರು ಕೊಲೆಯಾದರು. ಇರಾನ್ ಗಡಿಯಲ್ಲಿ ಸೇನೆ ಜಮಾಯಿಸಿತು, ಯುದ್ಧ ಕೂದಲೆಳೆಯಲ್ಲಿ ತಪ್ಪಿತು. ಆಗ ಇರಾನ್ ತಾಲಿಬಾನ್ ವಿರೋಧಿಗಳಿಗೆ ಆಯುಧ ಕೊಡುತ್ತಿತ್ತು. 2016ರ ಮೇ ತಿಂಗಳಲ್ಲಿ ತಾಲಿಬಾನ್ ಮುಖ್ಯಸ್ಥ ಮುಲ್ಲಾ ಅಖ್ತರ್ ಮನ್ಸೂರ್ ಬಲೂಚಿಸ್ತಾನದಲ್ಲಿ ಅಮೆರಿಕದ ಡ್ರೋನ್‌ಗೆ ಬಲಿಯಾದ. ಅವನು ಹಿಂದಿರುಗುತ್ತಿದ್ದದ್ದು ಇರಾನಿನಿಂದ. ಅಷ್ಟರಲ್ಲಿ ಹಳೆಯ ವೈರಿ ಮಾತಾಡಿಸಬಹುದಾದ ನೆರೆಯವನಾಗಿದ್ದ. ನಂಬಿಕೆ ಜೊತೆಗೂಡಿದರೆ ಕೆಲಸ ಸುಲಭ. ಕೂಡದಿದ್ದರೂ ಕೆಲಸ ನಡೆಯುತ್ತದೆ.

ಸಂಬಳ ಕೊಡುವವರು ಯಾರು?

ಕನ್ನಡದ ಚರ್ಚೆಗಳಲ್ಲಿ ಈ ಅಂಶ ಕಡಿಮೆ ಬರುತ್ತದೆ. ನನ್ನ ಪ್ರಕಾರ ಅತಿ ಮುಖ್ಯವಾದದ್ದು ಇದೇ. ಇರಾಕಿನ ಈ ಗುಂಪುಗಳಿಗೆ ಈಗ ಸಂಬಳ ಕೊಡುವುದು ಮುಖ್ಯವಾಗಿ ಇರಾನ್ ಅಲ್ಲ, ಇರಾಕ್ ಸರ್ಕಾರ.

2014ರ ಜೂನ್‌ನಲ್ಲಿ ಐಸಿಸ್ ಮೋಸುಲ್ ನಗರವನ್ನು ಹಿಡಿಯಿತು. ಸರ್ಕಾರಿ ಸೇನೆ ಆಯುಧ ಬಿಟ್ಟು ಓಡಿತು. ಜೂನ್ 13ರಂದು ಹಿರಿಯ ಧರ್ಮಗುರು ಅಯತೊಲ್ಲಾ ಸಿಸ್ತಾನಿ ಜನ ಆಯುಧ ಹಿಡಿಯಬೇಕೆಂದು ಫತ್ವಾ ಕೊಟ್ಟರು. ಅವರು ಕರೆದದ್ದು ಸರ್ಕಾರದ ಪಡೆಗಳಿಗೆ ಸೇರಿ ಎಂದು. ಆದರೆ ತಯಾರಾಗಿ ನಿಂತಿದ್ದವರು ಇರಾನ್ ಬೆಂಬಲದ ಗುಂಪುಗಳು. ಯುವಕರು ಅಲ್ಲಿಗೆ ಹೋದರು. ಎಲ್ಲರನ್ನೂ ಸೇರಿಸಿ ಹಶ್ದ್ ಅಲ್-ಶಾಬಿ, ಅಂದರೆ ಜನರ ಪಡೆ, ರೂಪಗೊಂಡಿತು. 2016ರ ನವೆಂಬರ್‌ನಲ್ಲಿ ಸಂಸತ್ತು ಕಾನೂನು ಮಾಡಿ ಅದನ್ನು ಸರ್ಕಾರದ ಭಾಗ ಮಾಡಿತು. ಈಗ ಅದರ ಪಟ್ಟಿಯಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. ಸಂಬಳ ಇರಾಕಿನ ತೈಲದ ಹಣದಿಂದ.

ಹಶ್ದ್ ಒಳಗೆ ಇರಾನಿನ ಪರಮ ನಾಯಕನಿಗೆ ನಿಷ್ಠರಾದವರಿದ್ದಾರೆ, ಸಿಸ್ತಾನಿಗೆ ನಿಷ್ಠರಾದವರು ಸೇರಿದ್ದರು, ಸದ್ರ್ ಬೆಂಬಲಿಗರೂ ಇದ್ದಾರೆ. ಒಬ್ಬರ ಮುಖ ಒಬ್ಬರಿಗೆ ಆಗದು. ಬಜೆಟ್ಟಿನಲ್ಲಿ ಯಾರಿಗೆ ಎಷ್ಟು ಹುದ್ದೆ, ಯಾವ ಚೆಕ್‌ಪೋಸ್ಟ್ ಯಾರಿಗೆ, ಯಾವ ಗುತ್ತಿಗೆ ಯಾರಿಗೆ ಎಂಬ ಕಚ್ಚಾಟ ದಿನವೂ ಇದೆ. ಇರಾನಿನ ಖರ್ಚು ಇಳಿಯಿತು, ಆದರೆ ಹಿಡಿತವೂ ಸಡಿಲವಾಯಿತು. 2025ರ ಡಿಸೆಂಬರ್‌ನ ಸುದ್ದಿ ಅರ್ಥವಾಗುವುದು ಇಲ್ಲೇ. ಅಸಾಯಿಬ್‌ಗೆ ಈಗ ಸಂಸದರಿದ್ದಾರೆ, ಸರ್ಕಾರದಲ್ಲಿ ಪಾಲಿದೆ, ವ್ಯಾಪಾರವಿದೆ. ಅಮೆರಿಕದ ಬಾಂಬು ಬಿದ್ದರೆ ಅದು ಕಳೆದುಕೊಳ್ಳುವುದು ಜಾಸ್ತಿ. ಕತಾಯಿಬ್‌ಗೆ ಬಂದೂಕೇ ಬಂಡವಾಳ. ಬಂದೂಕು ಕೊಟ್ಟರೆ ಅದು ಇನ್ನೊಂದು ಸಣ್ಣ ಪಕ್ಷವಷ್ಟೇ.

ವಾದಗಳು

ಇರಾನ್ ಹೇಳುವುದು: ಇದು ಆತ್ಮರಕ್ಷಣೆ. ಶತ್ರುವನ್ನು ಸಿರಿಯಾ, ಇರಾಕಿನಲ್ಲಿ ತಡೆಯದಿದ್ದರೆ ನಮ್ಮ ಊರುಗಳಲ್ಲೇ ತಡೆಯಬೇಕಾಗಿತ್ತು ಎಂಬ ಅರ್ಥದ ಮಾತನ್ನು ಇರಾನಿನ ಪರಮ ನಾಯಕರಾಗಿದ್ದ ಅಲಿ ಖಮೇನಿ ಹಿಂದೆ ಆಡಿದ್ದರು. ಐಸಿಸ್ ಬಾಗ್ದಾದ್ ಹೊಸ್ತಿಲಿಗೆ ಬಂದಾಗ ಮೊದಲು ಆಯುಧ ಕಳಿಸಿದವರಲ್ಲಿ ಇರಾನ್ ಇತ್ತು. ಇದನ್ನು ಇರಾಕಿನ ಕುರ್ದ್ ನಾಯಕರೂ ಒಪ್ಪಿಕೊಂಡಿದ್ದಾರೆ.

ಅಮೆರಿಕ, ಇಸ್ರೇಲ್, ಸೌದಿ ಇದಕ್ಕೆ ಉಲ್ಟಾ ಹೇಳುತ್ತವೆ. ರಕ್ಷಣೆ ಎಂಬುದು ನೆಪ, ನೆರೆಯ ದೇಶಗಳನ್ನು ಸದಾ ದುರ್ಬಲವಾಗಿಡುವುದೇ ಉದ್ದೇಶ ಎಂಬುದು ಅವರ ವಾದ. ಇದರಲ್ಲೂ ಹುರುಳಿದೆ. ಆದರೆ ಅಮೆರಿಕ ತಾನೇ ಬದ್ರ್ ತುಂಬಿದ್ದ ಗೃಹ ಇಲಾಖೆಗೆ ತರಬೇತಿ ಕೊಟ್ಟಿತು, ಮಾಲಿಕಿಯನ್ನು ಇರಾನ್ ಜೊತೆಗೇ ಬೆಂಬಲಿಸಿತು ಎಂಬುದನ್ನು ಅವರು ಅಷ್ಟಾಗಿ ಹೇಳುವುದಿಲ್ಲ.

ಇರಾಕಿನ ಸಾಮಾನ್ಯ ಜನರದ್ದು ಬೇರೆಯೇ ಮಾತು. 2019ರ ಅಕ್ಟೋಬರ್‌ನಿಂದ ಲಕ್ಷಾಂತರ ಯುವಕರು ಬೀದಿಗಿಳಿದರು. ಕೆಲಸ ಕೊಡಿ, ಕರೆಂಟು ಕೊಡಿ, ಇರಾನೂ ಬೇಡ ಅಮೆರಿಕವೂ ಬೇಡ ಎಂದರು. ಹೆಚ್ಚಿನವರು ಶಿಯಾಗಳು. ನಜಫ್‌ನಲ್ಲಿ ಇರಾನಿನ ಕಾನ್ಸುಲೇಟ್‌ಗೆ ಬೆಂಕಿ ಇಟ್ಟವರೂ ಅವರೇ. ಸುಮಾರು 600 ಜನ ಸತ್ತರು. ಗುಂಡು ಹಾರಿಸಿದವರಲ್ಲಿ ಸಶಸ್ತ್ರ ಗುಂಪುಗಳ ಜನರೂ ಇದ್ದರು ಎಂಬ ಆರೋಪವಿದೆ.

ಇನ್ನು ಕೆಲವು ವಿದ್ವಾಂಸರು ಇದರಲ್ಲಿ ಅಷ್ಟು ದೊಡ್ಡ ಯೋಜನೆಯೇ ಇಲ್ಲ ಎನ್ನುತ್ತಾರೆ. ಟೆಹ್ರಾನ್‌ನಲ್ಲೇ ಕುದ್ಸ್ ಪಡೆ ಒಂದು ಕಡೆ, ವಿದೇಶಾಂಗ ಇಲಾಖೆ ಇನ್ನೊಂದು ಕಡೆ. ಸೇನೆಯವರು ರಾಜತಂತ್ರವನ್ನು ತಮಗೆ ಬೇಕಾದಂತೆ ಬಗ್ಗಿಸಿದರು ಎಂದು ವಿದೇಶಾಂಗ ಸಚಿವರಾಗಿದ್ದ ಜವಾದ್ ಜರೀಫ್ ದೂರಿದ ಧ್ವನಿಮುದ್ರಿಕೆ 2021ರಲ್ಲಿ ಸೋರಿಹೋಯಿತು. ನನಗೆ ಈ ವಾದ ಹೆಚ್ಚು ಒಪ್ಪಿಗೆಯಾಗುತ್ತದೆ. ಯಾರು ಗೆಲ್ಲುತ್ತಾರೋ ಎಂಬ ಅನುಮಾನದಿಂದ ಎಲ್ಲರಿಗೂ ಸ್ವಲ್ಪ ಸ್ವಲ್ಪ ಕೊಟ್ಟರು. ಕೆಲಸ ಮಾಡಿತು. ಆಮೇಲೆ ಅದೇ ನೀತಿಯಾಯಿತು.

ಮಧ್ಯಸ್ಥ ಇಲ್ಲದಾಗ

ಎದುರಾಳಿಗಳನ್ನು ಒಟ್ಟಿಗೆ ಸಾಕಲು ಇಬ್ಬರೂ ಮಾತು ಕೇಳುವ ಒಬ್ಬ ಮನುಷ್ಯ ಬೇಕು. ಇರಾಕಿನಲ್ಲಿ ಆ ಮನುಷ್ಯ ಸೊಲೇಮಾನಿ. ಸ್ಥಳೀಯವಾಗಿ ಹಶ್ದ್‌ನ ಉಪಮುಖ್ಯಸ್ಥ ಅಬು ಮಹ್ದಿ ಅಲ್-ಮುಹಂದಿಸ್. 2020ರ ಜನವರಿ 3ರಂದು ಬಾಗ್ದಾದ್ ವಿಮಾನನಿಲ್ದಾಣದ ಬಳಿ ಅಮೆರಿಕದ ಒಂದೇ ದಾಳಿಯಲ್ಲಿ ಇಬ್ಬರೂ ಸತ್ತರು. ಸೊಲೇಮಾನಿ ಜಾಗಕ್ಕೆ ಬಂದ ಇಸ್ಮಾಯಿಲ್ ಖಾನಿಗೆ ಅಫ್ಗಾನಿಸ್ತಾನ ಗೊತ್ತಿತ್ತು, ಇರಾಕಿನ ನಾಯಕರ ಜೊತೆ ಆ ಹಳೆಯ ಸಲಿಗೆ ಇರಲಿಲ್ಲ.

ಪರಿಣಾಮ ಮರುವರ್ಷದಿಂದಲೇ ಕಂಡಿತು. 2021ರ ಚುನಾವಣೆಯಲ್ಲಿ ಸದ್ರ್ ಬಣ 329ರಲ್ಲಿ 73 ಸೀಟು ಗೆದ್ದಿತು. ಬದ್ರ್, ಅಸಾಯಿಬ್ ಇದ್ದ ಕೂಟ 48ರಿಂದ 17ಕ್ಕೆ ಕುಸಿಯಿತು. ಸದ್ರ್ ಈ ಗುಂಪುಗಳನ್ನು ಹೊರಗಿಟ್ಟು ಸರ್ಕಾರ ಮಾಡಲು ಹೋಗಿ ಸೋತು, ತನ್ನ ಸಂಸದರಿಂದ ರಾಜೀನಾಮೆ ಕೊಡಿಸಿದ. 2022ರ ಆಗಸ್ಟ್ 29ರಂದು ಬಾಗ್ದಾದ್‌ನ ಗ್ರೀನ್ ಝೋನ್ ಎಂಬ ಬಿಗಿ ಕಾವಲಿನ ಸರ್ಕಾರಿ ಪ್ರದೇಶದಲ್ಲಿ ಶಿಯಾಗಳೇ ಶಿಯಾಗಳ ಮೇಲೆ ಗುಂಡು ಹಾರಿಸಿದರು. ಸುಮಾರು 30 ಜನ ಸತ್ತರು. ಈ ಸಲ ಖುಮ್‌ನಲ್ಲಿ ಯಾರೂ ಸೇರಲಿಲ್ಲ. ಮರುದಿನ ಸದ್ರ್ ತಾನೇ ಟೀವಿಯಲ್ಲಿ ಬಂದು ತನ್ನವರನ್ನು ಹಿಂದಕ್ಕೆ ಕರೆದ.

ನಂತರ ಹೊಡೆತಗಳು ಒಂದರ ಮೇಲೊಂದು ಬಿದ್ದವು. 2024ರ ಸೆಪ್ಟೆಂಬರ್‌ನಲ್ಲಿ ಲೆಬನಾನಿನ ಹಿಜ್ಬುಲ್ಲಾ ನಾಯಕ ಹಸನ್ ನಸ್ರಲ್ಲಾ ಹತ್ಯೆಯಾಯಿತು. ಡಿಸೆಂಬರ್‌ನಲ್ಲಿ ಸಿರಿಯಾದ ಅಸ್ಸಾದ್ ಓಡಿಹೋದ. 2025ರ ಜೂನ್‌ನಲ್ಲಿ ಇರಾನಿನ ಮೇಲೇ ಬಾಂಬು ಬಿದ್ದಾಗ ಇರಾಕಿನ ಗುಂಪುಗಳು ತಮ್ಮ ತಮ್ಮ ಲೆಕ್ಕ ಹಾಕಿದವು. ಟೆಹ್ರಾನ್ ಕೂಡ ಅವರನ್ನು ಕಣಕ್ಕಿಳಿಸಲು ಆತುರ ತೋರಲಿಲ್ಲ. ಇದ್ದದ್ದರಲ್ಲಿ ಇರಾಕೊಂದೇ ಗಟ್ಟಿಯಾಗಿ ಉಳಿದಿತ್ತು. ಅಲ್ಲಿನ ಬ್ಯಾಂಕು, ಗಡಿ ವ್ಯಾಪಾರ, ಡಾಲರು ಇರಾನಿಗೆ ಬೇಕು. ಅದನ್ನೂ ಯುದ್ಧಕ್ಕೆ ಒಡ್ಡಿದರೆ ಉಳಿಯುವುದೇನು?

ಇರಾಕ್ ಮತ್ತು ನಮ್ಮ ಪೆಟ್ರೋಲು

ನವೆಂಬರ್ 2025ರ ಚುನಾವಣೆಯನ್ನು ಸದ್ರ್ ಬಹಿಷ್ಕರಿಸಿದ. ಅವನ ಗೈರಿನಲ್ಲಿ ಸಶಸ್ತ್ರ ಗುಂಪುಗಳ ಪಕ್ಷಗಳು ಸಂಸತ್ತಿನಲ್ಲಿ ಚೇತರಿಸಿಕೊಂಡವು. ಅಂದರೆ ಆಯುಧ ಸರ್ಕಾರದ ಕೈಗೆ ಬಂದರೂ ಸರ್ಕಾರ ಅವರದ್ದೇ ಆಗಿರಬಹುದು. ಅಮೆರಿಕ ಇದನ್ನು ನಿಶ್ಶಸ್ತ್ರೀಕರಣ ಎಂದು ಒಪ್ಪುತ್ತದೆಯೇ, ಇಲ್ಲ ಡಾಲರ್ ಹರಿವು ಹಿಡಿದು ಒತ್ತಡ ಹಾಕುತ್ತದೆಯೇ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಇರಾಕಿನ ತೈಲದ ಹಣ ಬಂದು ಸೇರುವುದು ನ್ಯೂಯಾರ್ಕಿನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಖಾತೆಗೆ. ಆ ಹಣ ನಿಂತರೆ 2 ಲಕ್ಷ ಜನರ ಸಂಬಳ ನಿಲ್ಲುತ್ತದೆ. ಸಂಬಳ ನಿಂತ ಬಂದೂಕುಗಳು ಯಾರ ಕಡೆ ತಿರುಗುತ್ತವೆ ಎಂದು ಬಾಗ್ದಾದ್ ಮಾತ್ರವಲ್ಲ, ಟೆಹ್ರಾನ್ ಕೂಡ ಖಾತ್ರಿಯಾಗಿ ಹೇಳಲಾರದು.

ನಮಗೂ ಇದರ ಬಿಸಿ ತಟ್ಟುತ್ತದೆ. 2019ರ ಮೇ ತನಕ ಭಾರತ ಇರಾನಿನ ತೈಲ ಕೊಳ್ಳುತ್ತಿತ್ತು. ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್ ಅದರ ದೊಡ್ಡ ಗಿರಾಕಿಗಳಲ್ಲಿ ಒಂದಾಗಿತ್ತು. ನಿರ್ಬಂಧದಿಂದ ಆ ದಾರಿ ಮುಚ್ಚಿತು. ರಷ್ಯಾದ ತೈಲ ಬರುವ ಮುನ್ನ ವರ್ಷಗಟ್ಟಲೆ ಭಾರತಕ್ಕೆ ಹೆಚ್ಚು ತೈಲ ಕೊಡುವ ದೇಶಗಳ ಸಾಲಿನಲ್ಲಿ ಇರಾಕ್ ಮೊದಲಿತ್ತು, ಈಗಲೂ ಮೇಲಿನ ಸಾಲಿನಲ್ಲೇ ಇದೆ. ಆ ತೈಲ ಹಡಗು ಏರುವುದು ಬಸ್ರಾದಲ್ಲಿ. 2008ರಲ್ಲಿ ಎರಡೂ ಕಡೆಯವರು ಬಡಿದಾಡಿದ್ದು ಆ ಬಂದರಿಗಾಗಿ. ಅದರ ಸುತ್ತಲಿನ ಗುತ್ತಿಗೆ, ಗೋದಾಮು, ಕಾವಲು ಇವತ್ತಿಗೂ ಅದೇ ಬಣಗಳ ನಡುವೆ ಹಂಚಿಕೆಯಾಗಿವೆ.